ಹೋವರ್ಡ್ ಫ್ಲೋರಿ

ಮುಳ್ಳು ತರಚಿದ ಸಣ್ಣ ಗಾಯವೂ ಕೀವುಗಟ್ಟಿ ಮನುಷ್ಯನ ಪ್ರಾಣವನ್ನು ಕೊಂಡೊಯ್ಯುತ್ತಿದ್ದ ಕಾಲವೊಂದಿತ್ತು. ರಕ್ತವನ್ನು ಸೇರಿದ ರೋಗಾಣುಗಳನ್ನು ನಾಶಪಡಿಸಬಲ್ಲ ಔಷಧಗಳು ಆಗ ಬಹು ವಿರಳ. ಆ ಕೊರತೆಯನ್ನು ನೀಗಿದ ಪೆನಿಸಿಲಿನ್‌ನ ಹೆಸರು ಕೇಳಿದೊಡನೆ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ನಮ್ಮ ನೆನಪಿಗೆ ಬರುತ್ತಾರೆ. ಆದರೆ ಅದನ್ನು ಪ್ರಯೋಗಶಾಲೆಯ ಗಾಜಿನ ತಟ್ಟೆಯಿಂದ ರೋಗಿಯ ಹಾಸಿಗೆಯವರೆಗೆ ತಂದ ಕೀರ್ತಿ ಹೋವರ್ಡ್ ಫ್ಲೋರಿ ಮತ್ತು ಅವರ ಸಂಗಡಿಗರಿಗೆ ಸಲ್ಲುತ್ತದೆ.

ಫ್ಲೋರಿಯವರು 1898ರ ಸೆಪ್ಟೆಂಬರ್ 24ರಂದು ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಜನಿಸಿದರು. ತಂದೆ ಪಾದರಕ್ಷೆಗಳ ತಯಾರಕರು. ಫ್ಲೋರಿ ಹುಟ್ಟೂರಿನಲ್ಲಿಯೇ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ತೆರಳಿದರು. 1935ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು.

ಒಂದು ಬಗೆಯ ಬೂಷ್ಟು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದೆಂಬುದನ್ನು ಫ್ಲೆಮಿಂಗ್ 1928ರಲ್ಲಿಯೇ ಕಂಡಿದ್ದರು. ಆದರೆ ಬೂಷ್ಟಿನ ರಸದಿಂದ ಔಷಧವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವುದು ಸಾಧ್ಯವಾಗಿರಲಿಲ್ಲ. ಫ್ಲೋರಿ ಈ ಕಾರ್ಯವನ್ನು ಕೈಗೆತ್ತಿಕೊಂಡರು. ಹಿಟ್ಲರನ ಜರ್ಮನಿಯನ್ನು ತೊರೆದು ಬಂದಿದ್ದ ರಸಾಯನ ವಿಜ್ಞಾನಿ ಅರ್ನ್‌ಸ್ಟ್ ಚೈನ್ ಮತ್ತು ಕುಶಲ ಪ್ರಯೋಗಕಾರ ನಾರ್ಮನ್ ಹೀಟ್ಲಿ ಅವರಿಗೆ ಹೆಗಲು ಕೊಟ್ಟರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಲಾಯಿತು. ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ನೀಡಲಾಯಿತು. ಬೆಳಗಾಗುವುದರೊಳಗೆ ಔಷಧ ಪಡೆಯದ ನಾಲ್ಕೂ ಸತ್ತಿದ್ದವು, ಉಳಿದವು ಬದುಕಿದ್ದವು.

ಅದು ಎರಡನೆಯ ಮಹಾಯುದ್ಧದ ಕಾಲ. ಶತ್ರುಸೈನ್ಯ ಇಂಗ್ಲೆಂಡಿಗೆ ನುಗ್ಗುವ ಭೀತಿಯಿತ್ತು. ಪ್ರಯೋಗಶಾಲೆ ನಾಶವಾದರೂ ಬೂಷ್ಟಿನ ತಳಿ ಉಳಿಯಲೆಂದು ವಿಜ್ಞಾನಿಗಳು ಅದರ ಬೀಜಕಣಗಳನ್ನು ತಮ್ಮ ಕೋಟುಗಳ ಒಳಮೈಗೆ ಸವರಿಕೊಂಡರು. ಸಲಕರಣೆಗಳ ಅಭಾವದಿಂದ ಹಾಲಿನ ಕ್ಯಾನು, ಬಿಸ್ಕತ್ತಿನ ಡಬ್ಬಿ, ಆಸ್ಪತ್ರೆಯ ಮಲಪಾತ್ರೆ ಇವುಗಳನ್ನೂ ಬಳಸಿಕೊಂಡರು. 1941ರ ಫೆಬ್ರುವರಿಯಲ್ಲಿ ಮರಣೋನ್ಮುಖನಾಗಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಚುಚ್ಚಿದಾಗ ಆತ ಬೇಗನೆ ಚೇತರಿಸಿಕೊಳ್ಳತೊಡಗಿದ. ಆದರೆ ಔಷಧ ಮುಗಿದುಹೋಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ಪಡೆದು ಚುಚ್ಚಿದರೂ ಸಾಲಲಿಲ್ಲ. ರೋಗ ಮರುಕಳಿಸಿ ಆತ ಮೃತನಾದ. ಔಷಧ ಸೋತಿರಲಿಲ್ಲ, ಅದರ ಪ್ರಮಾಣ ಸಾಲದೆ ಹೋಗಿತ್ತು. ಈ ಸಾವು ಫ್ಲೋರಿಯವರ ಮುಂದಿನ ದಾರಿಯನ್ನು ಸ್ಪಷ್ಟಪಡಿಸಿತು.

ಯುದ್ಧದಲ್ಲಿ ಮುಳುಗಿದ್ದ ಇಂಗ್ಲೆಂಡಿಗೆ ಔಷಧವನ್ನು ವಿಪುಲವಾಗಿ ತಯಾರಿಸುವ ಶಕ್ತಿಯಿರಲಿಲ್ಲ. ಫ್ಲೋರಿ ಹಾಗೂ ಹೀಟ್ಲಿ 1941ರ ಜುಲೈನಲ್ಲಿ ಬೂಷ್ಟಿನ ಮಾದರಿಗಳೊಡನೆ ಅಮೆರಿಕಕ್ಕೆ ಹೋದರು. ಪಿಯೋರಿಯಾ ನಗರದ ಸರ್ಕಾರಿ ಕೃಷಿ ಪ್ರಯೋಗಶಾಲೆ ಅವರಿಗೆ ನೆರವಾಯಿತು. ಮುಸುಕಿನ ಜೋಳದಿಂದ ಪಿಷ್ಟ ತೆಗೆಯುವಾಗ, ಕಾಳು ನೆನೆಸಿದ ನೀರು ಅಪಾರವಾಗಿ ಉಳಿಯುತ್ತಿತ್ತು. ಆ ಉಪೋತ್ಪನ್ನಕ್ಕೆ ಉಪಯೋಗ ಹುಡುಕುವ ಯತ್ನ ಅಲ್ಲಿ ನಡೆದಿತ್ತು. ಅದನ್ನು ಬೂಷ್ಟಿಗೆ ಆಹಾರವಾಗಿ ಕೊಟ್ಟಾಗ ಪೆನಿಸಿಲಿನ್‌ನ ಇಳುವರಿ ಹಲವು ಪಟ್ಟು ಹೆಚ್ಚಿತು! ಬೂಷ್ಟನ್ನು ದ್ರವದ ಮೇಲೆ ಕೆನೆಯಂತೆ ಬೆಳೆಸುವುದಕ್ಕೆ ಬದಲಾಗಿ, ಆಳವಾದ ತೊಟ್ಟಿಗಳಲ್ಲಿ ಗಾಳಿಯೂಡಿ ಕಲಕುತ್ತ ದ್ರವದೊಳಗೇ ಬೆಳೆಸುವ ವಿಧಾನ ರೂಪುಗೊಂಡಿತು. 1943ರಲ್ಲಿ ಅದೇ ಊರಿನ ಮಾರುಕಟ್ಟೆಯ ಬೂಷ್ಟು ಹಿಡಿದ ಕರಬೂಜ ಹಣ್ಣಿನಲ್ಲಿ ಇನ್ನೂ ಉತ್ತಮವಾದ ತಳಿ ದೊರೆಯಿತು. 1944ರ ಜೂನ್‌ನಲ್ಲಿ ಮಿತ್ರಸೇನೆ ಫ್ರಾನ್ಸಿನ ತೀರದಲ್ಲಿ ಇಳಿಯುವ ವೇಳೆಗೆ ಗಾಯಾಳುಗಳಿಗಾಗಿ ಲಕ್ಷಾಂತರ ಪ್ರಮಾಣಗಳಷ್ಟು ಪೆನಿಸಿಲಿನ್ ಸಿದ್ಧವಾಗಿತ್ತು.

ಈ ಔಷಧಕ್ಕೆ ಏಕಸ್ವಾಮ್ಯದ ಹಕ್ಕು ಪಡೆಯಬೇಕೆಂದು ಚೈನ್ ವಾದಿಸಿದ್ದರು. ಆದರೆ ಹಾಗೆ ಮಾಡುವುದು ವೈದ್ಯಧರ್ಮಕ್ಕೆ ಸಲ್ಲದೆಂಬುದು ಇಂಗ್ಲೆಂಡಿನ ವೈದ್ಯ ಹಿರಿಯರ ಮತವಾಗಿತ್ತು. ಆಕ್ಸ್‌ಫರ್ಡಿನ ತಂಡ ಹಕ್ಕು ಪಡೆಯಲಿಲ್ಲ. ಮುಂದೆ ತಯಾರಿಕೆಯ ವಿಧಾನಗಳಿಗೆ ಅಮೆರಿಕದಲ್ಲಿ ಹಕ್ಕುಗಳು ದೊರೆತವು. ಜ್ಞಾನವನ್ನು ಹಂಚಿಕೊಳ್ಳುವಾಗ ಅದರ ಫಲವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆ ಅಂದೇ ತಲೆಯೆತ್ತಿತು.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಫ್ಲೋರಿ 1960ರಿಂದ 1965ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದು, 1968ರ ಫೆಬ್ರುವರಿ 21ರಂದು ನಿಧನಹೊಂದಿದರು. ನಮ್ಮ ದೇಶದಲ್ಲಿಯೂ ಪುಣೆಯ ಬಳಿಯ ಪಿಂಪ್ರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ನೆರವಿನಿಂದ ಪೆನಿಸಿಲಿನ್ ಕಾರ್ಖಾನೆ 1954ರಲ್ಲಿ ಸ್ಥಾಪಿತವಾಯಿತು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರೊಬ್ಬರು ಕಂಡದ್ದನ್ನು ಆಸ್ಟ್ರೇಲಿಯಾ, ಜರ್ಮನಿ, ಇಂಗ್ಲೆಂಡುಗಳಲ್ಲಿ ಜನಿಸಿದವರು ಒಂದುಗೂಡಿ ಔಷಧವಾಗಿಸಿದರು. ಅಮೆರಿಕದ ಹೊಲದ ಜೋಳದ ನೀರು ಅದನ್ನು ಲೋಕಕ್ಕೆಲ್ಲ ಸಾಲುವಂತೆ ಮಾಡಿತು. ಸಹಕಾರವಿದ್ದಲ್ಲಿ ಉಪೇಕ್ಷಿತ ವಸ್ತುವೂ ಪ್ರಾಣದಾಯಕವಾಗಬಲ್ಲದೆಂಬುದಕ್ಕೆ ಫ್ಲೋರಿಯವರ ಜೀವನವೇ ನಿದರ್ಶನ.