ಬಳ್ಳಾರಿ ನಾಟಕ ನೋಡಿ ಬಣ್ಣ ಹಚ್ಚಿದ ಮದ್ರಾಸಿನ ನ್ಯಾಯಾಧೀಶ

ಚೆನ್ನೈ: ಆಧುನಿಕ ತಮಿಳು ರಂಗಭೂಮಿಯ ಪಿತಾಮಹ ಪಮ್ಮಲ್ ಸಂಬಂಧ ಮುದಲಿಯಾರ್‌ಗೆ ಹುಡುಗನಾಗಿದ್ದಾಗ ತಮಿಳು ನಾಟಕವೆಂದರೆ ತಾತ್ಸಾರ. 1873ರಲ್ಲಿ ಹುಟ್ಟಿದ ಅವರ ಮನಸ್ಸು ಬದಲಿಸಿದ್ದು ನಮ್ಮ ಬಳ್ಳಾರಿ!

1891ರಲ್ಲಿ ಬಳ್ಳಾರಿಯ ವಕೀಲ ಧರ್ಮಾವರಂ ಕೃಷ್ಣಮಾಚಾರ್ಯರ ತಂಡ ಮದ್ರಾಸಿಗೆ ಬಂದು ತೆಲುಗು ನಾಟಕವಾಡಿತು. ವೇಷ ಹಾಕಿದ್ದವರು ಹೊಟ್ಟೆಪಾಡಿನ ನಟರಲ್ಲ, ಓದಿದ ಉದ್ಯೋಗಸ್ಥರು. ಮರ್ಯಾದಸ್ಥರೂ ಬಣ್ಣ ಹಚ್ಚಬಹುದು ಎಂಬುದೇ ಯುವಕನಿಗೆ ಹೊಸ ಸಂಗತಿ. ಅದೇ ಜುಲೈನಲ್ಲಿ ಗೆಳೆಯರ ಜತೆ ಸೇರಿ ಸುಗುಣ ವಿಲಾಸ ಸಭಾ ಕಟ್ಟಿಯೇಬಿಟ್ಟರು. ಆಗ ಅವರಿಗಿನ್ನೂ 18 ವರ್ಷ.

ಮುಂದೆ ವಕೀಲಿಕೆ ಮಾಡಿದರು, ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರೂ ಆದರು. ನಾಟಕ ಬಿಡಲಿಲ್ಲ. ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಸಭಾದ ಪ್ರದರ್ಶನಗಳು ನಡೆದವು. ಶೇಕ್ಸ್‌ಪಿಯರ್‌ನನ್ನು ತಮಿಳಿಗೆ ತಂದರು, 'ಮನೋಹರ' ಬರೆದರು. ಆದರೆ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದು 'ಸಭಾಪತಿ'. ಪೆದ್ದ ಜಮೀನ್ದಾರ, ಅವನಿಗಿಂತ ಪೆದ್ದ ಆಳು. ಇಬ್ಬರ ಹೆಸರೂ ಸಭಾಪತಿ! ಕೋರ್ಟಿನಲ್ಲಿ ಗಂಭೀರವಾಗಿ ಕೂರುತ್ತಿದ್ದವರು ಬರೆದ ಪ್ರಹಸನ ಇದು ಎಂದರೆ ನಂಬುವುದು ಕಷ್ಟ. 1941ರಲ್ಲಿ ಎವಿಎಂ ಮೆಯ್ಯಪ್ಪನ್ ಅದನ್ನು ಸಿನಿಮಾ ಮಾಡಿದರು, ಅದೂ ಗೆದ್ದಿತು.

ಸರ್ಕಾರ 1959ರಲ್ಲಿ ಪದ್ಮಭೂಷಣ ಕೊಟ್ಟಿತು. 1964ರಲ್ಲಿ, 91ನೇ ವಯಸ್ಸಿನಲ್ಲಿ ಮುದಲಿಯಾರ್ ತೀರಿಕೊಂಡರು.