ಸರ್ ಮಾರ್ಕ್ ಕಬ್ಬನ್ ಮತ್ತು ಕನ್ನಡ ನಾಡಿನ ರಸ್ತೆಗಳು

ಪೀಠಿಕೆ

ಯಾವುದೇ ನಾಡಿನ ಕೃಷಿ, ವಾಣಿಜ್ಯ, ಶಿಕ್ಷಣ, ಆರೋಗ್ಯ ಹಾಗೂ ಆಡಳಿತದ ಬೆಳವಣಿಗೆಗೆ ರಸ್ತೆ ಸಾರಿಗೆಯು ಮೂಲಾಧಾರವಾಗಿರುತ್ತದೆ. ರೈಲು, ವಿಮಾನ ಮತ್ತು ಹಡಗುಗಳು ನಿಗದಿತ ನಿಲ್ದಾಣಗಳ ನಡುವೆ ಮಾತ್ರ ಸಂಚರಿಸುತ್ತವೆ. ರೈತನ ಕಣದಿಂದ ಮಾರುಕಟ್ಟೆಗೆ, ರೋಗಿಯ ಮನೆಯಿಂದ ಆಸ್ಪತ್ರೆಗೆ ಕೊಂಡೊಯ್ಯುವುದು ರಸ್ತೆಯೇ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಂತಹ ಮಳೆಯಾಶ್ರಿತ ಪ್ರದೇಶಗಳಲ್ಲಿ ಈ ಅವಲಂಬನೆ ಇನ್ನೂ ಹೆಚ್ಚು.

ಕನ್ನಡ ನಾಡಿನಲ್ಲಿ ರಸ್ತೆ ನಿರ್ಮಾಣವನ್ನು ಸರ್ಕಾರದ ನಿರಂತರ ಕರ್ತವ್ಯವಾಗಿ ರೂಪಿಸಿದವರಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಅವರು ಪ್ರಮುಖರು. ಅವರ ಆಡಳಿತದ ಗಡಿಯು ಮೇಲ್ಕಂಡ ತಾಲ್ಲೂಕುಗಳ ದಕ್ಷಿಣಕ್ಕೇ ಮುಗಿಯುತ್ತಿತ್ತು. ಆದುದರಿಂದ ಅವರ ಜೀವನ ಮತ್ತು ಸಾಧನೆಯ ಪರಿಚಯವು ರಸ್ತೆಯ ಪ್ರಯೋಜನವನ್ನೂ, ಅದು ಗಡಿಯಲ್ಲಿ ನಿಂತುಹೋದಾಗ ಆಗುವ ನಷ್ಟವನ್ನೂ ತಿಳಿಸಿಕೊಡುತ್ತದೆ.

ಬಾಲ್ಯ ಮತ್ತು ಸೈನಿಕ ಸೇವೆ

ಕಬ್ಬನ್ ಅವರು ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಣ ಸಮುದ್ರದಲ್ಲಿರುವ ಮ್ಯಾನ್ ದ್ವೀಪದವರು. ಅವರ ತಂದೆ ಅಲ್ಲಿನ ಮಾಘೋಲ್ಡ್ ಎಂಬ ಊರಿನ ಪಾದ್ರಿಗಳಾಗಿದ್ದರು. ಮೈಸೂರಿನ ರೆಸಿಡೆಂಟರಾಗಿದ್ದು, ದಕ್ಷಿಣ ಭಾರತದ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಅವರು ಇವರ ಸೋದರಮಾವ. 1800ರಲ್ಲಿ ಕಬ್ಬನ್ ಅವರು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿದರು. ಅದೇ ವರ್ಷ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರಿಂದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಪ್ರದೇಶಗಳು ಮದ್ರಾಸಿನ ಆಡಳಿತಕ್ಕೆ ಒಳಪಟ್ಟವು.

ಸೈನ್ಯದಲ್ಲಿ ಕಬ್ಬನ್ ಅವರು ಹೆಚ್ಚಿನ ಕಾಲ ಸೇವೆ ಸಲ್ಲಿಸಿದ್ದು ಕಮಿಸರಿಯಟ್ ಎಂದು ಕರೆಯಲಾಗುತ್ತಿದ್ದ ಪೂರೈಕೆ ವಿಭಾಗದಲ್ಲಿ. ಕ್ರಮೇಣ ಅವರು ಆ ವಿಭಾಗದ ಮುಖ್ಯಸ್ಥರಾದರು. ದಂಡು ಹೋದೆಡೆಗೆಲ್ಲ ಧಾನ್ಯ, ಮೇವು ಮತ್ತು ಎತ್ತುಗಳನ್ನು ಒದಗಿಸುವುದು ಈ ವಿಭಾಗದ ಕೆಲಸ. ದಾರಿ ಕೆಟ್ಟಿದ್ದರೆ ಎಷ್ಟು ಎತ್ತುಗಳು ಸಾಯುತ್ತವೆ, ಒಂದು ಹೊಳೆ ದಾಟಲು ಎಷ್ಟು ದಿನ ಹಿಡಿಯುತ್ತದೆ ಎಂಬ ಲೆಕ್ಕ ಅಲ್ಲಿ ನಿತ್ಯದ ವಿಷಯ. ಈ ಅನುಭವ ಮುಂದೆ ಅವರ ಆಡಳಿತಕ್ಕೆ ನೆರವಾಯಿತು.

ಮೈಸೂರಿನ ಕಮಿಷನರ್

1830-31ರಲ್ಲಿ ನಗರ ಪ್ರಾಂತ್ಯದಲ್ಲಿ ರೈತರ ಬಂಡಾಯವಾಯಿತು. ಇದನ್ನು ಮುಂದಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ ಅವರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. ಬಂಡಾಯದ ಕಾರಣಗಳನ್ನು ಪರಿಶೀಲಿಸಿದ ಸಮಿತಿಯಲ್ಲಿ ಕಬ್ಬನ್ ಅವರೂ ಒಬ್ಬ ಸದಸ್ಯರಾಗಿದ್ದರು. 1834ರಲ್ಲಿ ಅವರನ್ನು ಮೈಸೂರಿನ ಕಮಿಷನರ್ ಆಗಿ ನೇಮಿಸಲಾಯಿತು. 1861ರವರೆಗೆ, ಅಂದರೆ ಸುಮಾರು 27 ವರ್ಷಗಳ ಕಾಲ, ಅವರು ಈ ಹುದ್ದೆಯಲ್ಲಿದ್ದರು. ಬೆಂಗಳೂರು ಆಡಳಿತ ಕೇಂದ್ರವಾಯಿತು. ಸಂಸ್ಥಾನವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ ಮತ್ತು ನಗರ ಎಂಬ ನಾಲ್ಕು ವಿಭಾಗಗಳಾಗಿ ಮಾಡಿ, ಒಂದೊಂದನ್ನೂ ಒಬ್ಬ ಸೂಪರಿಂಟೆಂಡೆಂಟರ ವಶಕ್ಕೆ ಕೊಡಲಾಯಿತು.

ಸುಂಕದ ಕಟ್ಟೆಗಳ ನಿವಾರಣೆ

ಆಗ ಸರಕು ಸಾಗಣೆಗೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ದಾರಿಯದೇ ಸ್ಥಿತಿ. ಬಹುತೇಕ ಹಾದಿಗಳು ಹೇರೆತ್ತುಗಳು ನಡೆದು ಮಾಡಿದ ಕಾಲುದಾರಿಗಳಾಗಿದ್ದವು. ಎರಡನೆಯದು ದಾರಿಯುದ್ದಕ್ಕೂ ಇದ್ದ ಸುಂಕದ ಕಟ್ಟೆಗಳು. ಸುಂಕ ಎತ್ತುವ ಹಕ್ಕನ್ನು ಗುತ್ತಿಗೆಗೆ ಕೊಡಲಾಗುತ್ತಿದ್ದುದರಿಂದ, ಒಂದೇ ಹೇರು ಅಡಿಕೆಯೋ ಮೆಣಸೋ ಗಿರಾಕಿಯನ್ನು ತಲುಪುವುದರೊಳಗೆ ಹಲವು ಬಾರಿ ಸುಂಕ ತೆರಬೇಕಾಗುತ್ತಿತ್ತು. ಕಬ್ಬನ್ ಅವರ ಅವಧಿಯಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದುಪಡಿಸಲಾಯಿತು. ಸಾಗಣೆ ಸುಂಕದ ಹೊರೆಯೂ ಹಂತಹಂತವಾಗಿ ಇಳಿಯಿತು. ರಸ್ತೆ ಎಷ್ಟೇ ಉತ್ತಮವಾಗಿದ್ದರೂ ಹೆಜ್ಜೆಹೆಜ್ಜೆಗೂ ತಡೆಯಿದ್ದರೆ ಅದರಿಂದ ಪ್ರಯೋಜನವಿಲ್ಲವೆಂಬ ತತ್ವವು ಇಂದಿನ ಹೆದ್ದಾರಿ ಯೋಜನೆಗಳಿಗೂ ಅನ್ವಯಿಸುತ್ತದೆ.

ರಸ್ತೆಗಳ ನಿರ್ಮಾಣ

1831ರಿಂದ 1856ರವರೆಗಿನ 25 ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 1,600 ಮೈಲಿ, ಅಂದರೆ 2,500 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಗಳು ನಿರ್ಮಾಣವಾದವು. ಇವುಗಳ ಮೇಲೆ 300ಕ್ಕೂ ಹೆಚ್ಚು ಸೇತುವೆಗಳನ್ನೂ ಸುಮಾರು 2,000 ಮೋರಿಗಳನ್ನೂ ಕಟ್ಟಲಾಯಿತು. ಬೆಂಗಳೂರನ್ನು ವಿಭಾಗಗಳ ಕೇಂದ್ರಗಳಿಗೆ ಜೋಡಿಸುವ ಮಾರ್ಗಗಳ ಜೊತೆಗೆ, ಮಂಜರಾಬಾದ್, ಆಗುಂಬೆ ಮೊದಲಾದ ಘಟ್ಟದ ದಾರಿಗಳನ್ನು ಗಾಡಿಗಳು ಇಳಿಯುವಂತೆ ಸಿದ್ಧಪಡಿಸಲಾಯಿತು. ಇದರಿಂದ ಮಲೆನಾಡಿನ ಕಾಫಿ ಮತ್ತು ಅಡಿಕೆಗೆ ಕರಾವಳಿಯ ಬಂದರುಗಳ ದಾರಿ ತೆರೆಯಿತು.

ರಸ್ತೆಯ ಉದ್ದದೊಡನೆ ಮೋರಿಗಳ ಸಂಖ್ಯೆಯನ್ನು ಹೋಲಿಸಿ ನೋಡುವುದು ಉಪಯುಕ್ತ. ಸರಾಸರಿ ಪ್ರತಿ ಮೈಲಿಗೆ ಒಂದಕ್ಕಿಂತ ಹೆಚ್ಚು ಮೋರಿಗಳಿದ್ದವು. ರಸ್ತೆಯ ಮೊದಲ ಶತ್ರು ನೀರು. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಜಾನ್ ಮೆಕಾಡಮ್ ಅವರು ಹೊಸ ವಿಧಾನವೊಂದನ್ನು ಪ್ರಚಾರಕ್ಕೆ ತಂದಿದ್ದರು. ನೆಲವನ್ನು ಎತ್ತರಿಸಿ ಒಣಗಿರುವಂತೆ ನೋಡಿಕೊಂಡರೆ ನೆಲವೇ ಭಾರವನ್ನು ಹೊರುತ್ತದೆ. ಮೇಲೆ ಒಂದೇ ಗಾತ್ರದ ಸಣ್ಣ ಜಲ್ಲಿಯನ್ನು ಹರಡಿದರೆ ಅದು ಗಾಲಿಗಳ ಓಡಾಟದಿಂದ ಬಿಗಿದುಕೊಳ್ಳುತ್ತದೆ ಎಂಬುದು ಅದರ ಸಾರ. ರಸ್ತೆಯ ನಡುಭಾಗ ತುಸು ಉಬ್ಬಿರಬೇಕು, ಎರಡೂ ಬದಿಗೆ ಚರಂಡಿಯಿರಬೇಕು. ಹೆದ್ದಾರಿ ಎಂಜಿನಿಯರಿಂಗ್ ಶಾಸ್ತ್ರದ ಮೊದಲ ಪಾಠ ಇಂದಿಗೂ ಇದೇ ಆಗಿದೆ.

ಮೊದಮೊದಲು ರಸ್ತೆ ಮತ್ತು ಕೆರೆಕಟ್ಟೆಗಳ ದುರಸ್ತಿಯನ್ನು ಕಂದಾಯ ಅಧಿಕಾರಿಗಳೇ ನೋಡಿಕೊಳ್ಳಬೇಕಾಗಿತ್ತು. 1856ರಲ್ಲಿ ಮುಖ್ಯ ಎಂಜಿನಿಯರರನ್ನು ಒಳಗೊಂಡ ಪ್ರತ್ಯೇಕ ಲೋಕೋಪಯೋಗಿ ಇಲಾಖೆಯನ್ನು ಸ್ಥಾಪಿಸಲಾಯಿತು. ಕಟ್ಟಿದ್ದನ್ನು ಕಾಪಾಡುವುದಕ್ಕೂ ಒಂದು ಕಾಯಂ ವ್ಯವಸ್ಥೆ ದೊರೆತಂತಾಯಿತು.

ಗಡಿಯ ಆಚೆಯ ತಾಲ್ಲೂಕುಗಳು

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಮಾರ್ಗವು ತುಮಕೂರು, ಸಿರಾಗಳ ಮೂಲಕ ಚಿತ್ರದುರ್ಗವನ್ನು ತಲುಪುತ್ತಿತ್ತು. ಈ ದಾರಿಯಲ್ಲಿರುವ ಡಾಬಸ್‌ಪೇಟೆಯು ಕಬ್ಬನ್ ಅವರ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರಾಗಿದ್ದ ಡಾಬ್ಸ್ ಅವರ ಹೆಸರನ್ನು ಉಳಿಸಿಕೊಂಡಿದೆ. ಚಿತ್ರದುರ್ಗದಿಂದ ಮುಂದೆ ಕೂಡ್ಲಿಗಿಯ ಕಡೆಗೆ, ದಾವಣಗೆರೆಯಿಂದ ಮುಂದೆ ಹರಪನಹಳ್ಳಿಯ ಕಡೆಗೆ ಸಾಗಿದರೆ ಮೈಸೂರಿನ ಗಡಿ ಮುಗಿದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಆರಂಭವಾಗುತ್ತಿತ್ತು. ಎರಡೂ ಕಡೆಯ ಜನರ ಭಾಷೆ ಒಂದೇ, ಸಂತೆ ಜಾತ್ರೆಗಳೂ ಒಂದೇ. ಆದರೆ ರಸ್ತೆಗೆ ಹಣ ಕೊಡುವ ಸರ್ಕಾರಗಳು ಬೇರೆಬೇರೆ.

ಮದ್ರಾಸ್ ಪ್ರಾಂತ್ಯದಲ್ಲಿ ಒಳನಾಡಿನ ಸಾಗಣೆ ಸುಂಕ ರದ್ದಾದದ್ದು 1844ರಲ್ಲಿ. ಆ ಪ್ರಾಂತ್ಯದ ರಸ್ತೆಗಳ ದುಃಸ್ಥಿತಿಯನ್ನು 1852ರಲ್ಲಿ ಅಲ್ಲಿನ ಲೋಕೋಪಯೋಗಿ ಕಾಮಗಾರಿಗಳ ಆಯೋಗವೇ ವರದಿ ಮಾಡಿತು. ಈ ಸೀಮೆಯ ನೆಲದ ಗುಣವೂ ಸುಲಭದ್ದಲ್ಲ. ಮಸಾರಿ ನೆಲದಲ್ಲಿ ಗರಸು ಹಾಕಿ ದಾರಿ ಮಾಡಬಹುದು. ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಗಾಲಿಯನ್ನು ನುಂಗುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಇಂತಹ ಕಡೆ ಧಾನ್ಯ, ಉಪ್ಪುಗಳ ಸಾಗಣೆಯನ್ನು ಬಹುಕಾಲ ಲಂಬಾಣಿ ಜನರ ಹೇರೆತ್ತುಗಳ ಹಿಂಡುಗಳೇ ನಿರ್ವಹಿಸುತ್ತಿದ್ದವು. ಗಾಡಿರಸ್ತೆ, ಅನಂತರ ರೈಲು ಬಂದಾಗ ಅವರ ಈ ಪರಂಪರಾಗತ ವೃತ್ತಿ ನಶಿಸಿತು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಭಾಗಗಳ ತಾಂಡಾಗಳ ಜನರಲ್ಲಿ ಅನೇಕರು ಬೇಸಾಯಕ್ಕೂ ಕೂಲಿಗೂ ತಿರುಗಬೇಕಾಯಿತು.

1876-78ರ ಮಹಾಕ್ಷಾಮದಲ್ಲಿ ಸಾರಿಗೆಯ ಬೆಲೆ ಏನೆಂಬುದು ತಿಳಿಯಿತು. ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ರೈಲು ಧಾನ್ಯವನ್ನು ನಿಲ್ದಾಣದವರೆಗೆ ತಂದಿತು. ಅಲ್ಲಿಂದ ಒಳನಾಡಿನ ಹಳ್ಳಿಗಳಿಗೆ ಒಯ್ಯಬೇಕಾಗಿದ್ದ ಎತ್ತುಗಳು ಮೇವು ನೀರಿಲ್ಲದೆ ಸತ್ತಿದ್ದವು. ಉತ್ತಮ ರಸ್ತೆಗಳಿದ್ದ ಮೈಸೂರು ಕೂಡ ಪಾರಾಗಲಿಲ್ಲ. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಅಲ್ಲಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರಸ್ತೆಯೊಡನೆ ವಾಹನ, ಮೇವು, ನೀರು ಮತ್ತು ಕೊಳ್ಳುವ ಶಕ್ತಿಯೂ ಇರಬೇಕೆಂಬುದನ್ನು ಈ ಕ್ಷಾಮ ತೋರಿಸಿತು.

ಸಾಧನೆಯ ಮಿತಿಗಳು

ಕಬ್ಬನ್ ಅವರ ಆಡಳಿತವು ಪರಕೀಯ ಆಡಳಿತವಾಗಿತ್ತು. ರಸ್ತೆಗಳ ಉದ್ದೇಶಗಳಲ್ಲಿ ದಂಡಿನ ಸಂಚಾರವೂ ಸೇರಿತ್ತು; ವೆಚ್ಚವೆಲ್ಲ ಸಂಸ್ಥಾನದ ಬೊಕ್ಕಸದ್ದು, ಅಂದರೆ ರೈತರ ಕಂದಾಯದ್ದು. ತಮ್ಮ ರಾಜ್ಯವನ್ನು ಮರಳಿಸಬೇಕೆಂದು ಮಹಾರಾಜರು ಪದೇಪದೇ ಕೋರಿದರೂ ಅದು ಅವರ ಜೀವಿತಕಾಲದಲ್ಲಿ ಈಡೇರಲಿಲ್ಲ. 1881ರಲ್ಲಿ ಅಧಿಕಾರವು ರಾಜವಂಶಕ್ಕೆ ಮರಳಿತು. ಆದರೂ 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಅಧೀನಕ್ಕೆ ಒಪ್ಪಿಸುವ ಆದೇಶವಾದಾಗ ಕಬ್ಬನ್ ಅವರು ಅದನ್ನು ವಿರೋಧಿಸಿ ರಾಜೀನಾಮೆಗೆ ಮುಂದಾದರು. ಆ ಆದೇಶವನ್ನು ಹಿಂಪಡೆಯಲಾಯಿತು.

ಕೊನೆಯ ದಿನಗಳು

ಅವಿವಾಹಿತರಾಗಿದ್ದ ಕಬ್ಬನ್ ಅವರು 1861ರಲ್ಲಿ ಅನಾರೋಗ್ಯದ ಕಾರಣ ಹುದ್ದೆಯನ್ನು ತ್ಯಜಿಸಿ ಸ್ವದೇಶಕ್ಕೆ ಹೊರಟರು. ದಾರಿಯಲ್ಲಿ, ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ, ಸೂಯೆಜ್ ಎಂಬಲ್ಲಿ ನಿಧನರಾದರು. ಅವರ ಸಮಾಧಿಯು ಹುಟ್ಟೂರಾದ ಮಾಘೋಲ್ಡ್‌ನಲ್ಲಿದೆ. ಬೆಂಗಳೂರಿನಲ್ಲಿ 1866ರಲ್ಲಿ ಅವರ ಅಶ್ವಾರೂಢ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಬಹುಕಾಲ ಉಚ್ಚ ನ್ಯಾಯಾಲಯದ ಆವರಣದಲ್ಲಿದ್ದ ಈ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು.

ಇಂದಿನ ಹೆದ್ದಾರಿಗಳು

ಕಬ್ಬನ್ ಅವರ ಕಾಲದ ಗಡಿ ಇಂದು ಇಲ್ಲ. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಮೇಲ್ಕಂಡ ಐದೂ ತಾಲ್ಲೂಕುಗಳು ಅದರ ಭಾಗವಾದವು. ಹಿಂದೆ ಗಡಿಯಲ್ಲಿ ಎರಡಾಗುತ್ತಿದ್ದ ಚಿತ್ರದುರ್ಗ-ಕೂಡ್ಲಿಗಿ-ಹೊಸಪೇಟೆ ಮಾರ್ಗವು ಈಗ ರಾಷ್ಟ್ರೀಯ ಹೆದ್ದಾರಿ 50ರ ಚತುಷ್ಪಥ ರಸ್ತೆಯಾಗಿದೆ.

ರಸ್ತೆ ಅಭಿವೃದ್ಧಿಯನ್ನು ದೇಶದ ಮಟ್ಟದಲ್ಲಿ ಪರಿಶೀಲಿಸಲು 1927ರಲ್ಲಿ ಜಯಕರ್ ಸಮಿತಿ ನೇಮಕವಾಯಿತು. 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಸ್ಥಾಪನೆಯಾಯಿತು. 1943ರ ನಾಗಪುರ ಯೋಜನೆಯು ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಗ್ರಾಮ ರಸ್ತೆಗಳೆಂದು ವಿಂಗಡಿಸಿತು. ಗ್ರಾಮ ರಸ್ತೆಯು ಜಿಲ್ಲಾ ರಸ್ತೆಗೆ, ಅದು ಹೆದ್ದಾರಿಗೆ ಕೂಡಿಕೊಂಡಾಗ ಮಾತ್ರ ಈ ಜಾಲ ಪೂರ್ಣವಾಗುತ್ತದೆ. ತಾಂಡಾದಿಂದ ಹೆದ್ದಾರಿಯವರೆಗಿನ ಕೊನೆಯ ಎರಡು ಮೈಲಿ ಕೆಟ್ಟಿದ್ದರೆ ಹೆದ್ದಾರಿಯ ಪ್ರಯೋಜನ ಆ ಮನೆಗೆ ದೊರೆಯುವುದಿಲ್ಲ.

ರಸ್ತೆಯು ಸಾರ್ವಜನಿಕ ಆಸ್ತಿಯಾಗಿರುತ್ತದೆ. ಬದಿಚರಂಡಿಗಳನ್ನು ಮುಚ್ಚದಿರುವುದು, ಮೋರಿಗಳಲ್ಲಿ ಕಸ ತುಂಬದಿರುವುದು, ರಸ್ತೆಯ ಮೇಲೆ ಒಕ್ಕಣೆ ಮಾಡದಿರುವುದು ಮತ್ತು ಮಿತಿಮೀರಿದ ಭಾರ ಹೇರದಿರುವುದು ಪ್ರತಿಯೊಬ್ಬ ನಾಗರಿಕರ ಕರ್ತವ್ಯ. ಕಟ್ಟಿದ ರಸ್ತೆಯನ್ನು ಕಾಪಾಡಿದಾಗಲೇ ಅದಕ್ಕೆ ತೆತ್ತ ತೆರಿಗೆ ಸಾರ್ಥಕವಾಗುತ್ತದೆ.