ಜಗತ್ತಿನ ಮೊದಲ ರಾಕೆಟ್ ಟಿಪ್ಪುವಿನದೇ? ಅದು ಇಟ್ಟ ಗುರಿ ತಪ್ಪುತ್ತಿರಲಿಲ್ಲವೇ?

ಮೈಸೂರಿನ ಶ್ರೀರಾಂಪುರದ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಜಗತ್ತಿನ ಮೊದಲ ರಾಕೆಟ್ ಟಿಪ್ಪು ಸುಲ್ತಾನನದು, ಅದು ಇಟ್ಟ ಗುರಿ ತಪ್ಪುತ್ತಲೇ ಇರಲಿಲ್ಲ ಎಂದು. ಅದರ ಕೆಳಗೇ ಇನ್ನೊಬ್ಬರು ಎಲ್ಲವೂ ಕಟ್ಟುಕಥೆ ಎಂದು ಬರೆದರು. ಜಗಳ ಶುರುವಾಯಿತು. ನಿಜವೆಂದರೆ, ಇಬ್ಬರೂ ತಪ್ಪು.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಅದಕ್ಕೆ ಐದು ಶತಮಾನ ಮೊದಲೇ ಚೀನಾದಲ್ಲಿ ಮದ್ದು ತುಂಬಿದ ಬಾಣಗಳಿದ್ದವು. ಭಾರತದ ಸೇನೆಗಳಲ್ಲೂ ಇದ್ದವು. ಹಾಗಾದರೆ ಮೈಸೂರಿನ ಹೆಚ್ಚುಗಾರಿಕೆ ಏನು? ಕಬ್ಬಿಣದ ಕೊಳವೆ. ಕಾಗದ ಅಥವಾ ಬಿದಿರಿನ ಕೊಳವೆ ಒತ್ತಡಕ್ಕೆ ಬೇಗ ಸೀಳುತ್ತದೆ, ಕಬ್ಬಿಣ ತಡೆಯುತ್ತದೆ. ಹಾಗಾಗಿ ಮದ್ದನ್ನು ಗಟ್ಟಿಯಾಗಿ ತುಂಬಬಹುದಿತ್ತು, ರಾಕೆಟ್ ಸುಮಾರು ಒಂದು ಕಿ.ಮೀ. ದೂರ ಹೋಗುತ್ತಿತ್ತು.

ಇದು ಶುರುವಾದದ್ದು ತಂದೆ ಹೈದರ್ ಅಲಿಯ ಕಾಲದಲ್ಲೇ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿತು. ಕಂಪನಿಯ ಮದ್ದಿನ ಬಂಡಿಗಳು ಸ್ಫೋಟಿಸಿದ್ದಕ್ಕೆ ರಾಕೆಟ್ ಕಾರಣ ಎಂಬ ಅಭಿಪ್ರಾಯವಿದೆ. 1782ರಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಈ ಪಡೆಯನ್ನು ಇನ್ನಷ್ಟು ಬೆಳೆಸಿದ.

ಇನ್ನು ಗುರಿಯ ವಿಷಯ. ಬಂದೂಕಿನ ಗುಂಡು ಕೂಡ ನೇರ ಹೋಗುವುದಿಲ್ಲ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡನ್ನು ಸಮತಲವಾಗಿ ಹಾರಿಸಿದರೆ, 100 ಮೀಟರ್ ದಾಟುವಷ್ಟರಲ್ಲಿ ಸುಮಾರು 8 ಸೆಂ.ಮೀ. ಕೆಳಗಿಳಿದಿರುತ್ತದೆ. ಅದಕ್ಕೇ ಇಂದಿನ ರೈಫಲ್ ದುರ್ಬೀನಿಗೆ ಗುಂಡಿನ ವೇಗ, ದೂರ, ಗಾಳಿಯ ಲೆಕ್ಕ ಕೊಡಬೇಕು. ಟಿಪ್ಪುವಿನ ರಾಕೆಟ್ ಪಡೆಯವರಿಗೂ ಇಂಥದೇ ಲೆಕ್ಕ ಕಲಿಸುತ್ತಿದ್ದರು: ಕೊಳವೆ ಎಷ್ಟು ದಪ್ಪ, ಶತ್ರು ಎಷ್ಟು ದೂರ ನೋಡಿ, ಎಷ್ಟು ಓರೆಯಾಗಿ ಹಾರಿಸಬೇಕೆಂದು ನಿರ್ಧರಿಸುವುದು.

ಆದರೆ ಲೆಕ್ಕ ಪೂರ್ತಿ ಕೈಗೆ ಸಿಗುತ್ತಿರಲಿಲ್ಲ. ದೀಪಾವಳಿ ರಾಕೆಟ್ ಹಚ್ಚಿದವರಿಗೆ ಇದು ಗೊತ್ತು. ಮದ್ದು ಉರಿದಂತೆ ರಾಕೆಟ್ ಹಗುರವಾಗುತ್ತದೆ. ಅಡ್ಡಗಾಳಿ ಗುಂಡನ್ನು ತಾನು ಬೀಸುವ ಕಡೆಗೆ ತಳ್ಳುತ್ತದೆ. ಉದ್ದ ಕೋಲಿನ ರಾಕೆಟ್ ಮಾತ್ರ ಮದ್ದು ಉರಿಯುವಾಗ ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ! ಆದ್ದರಿಂದ ಒಂದೊಂದಾಗಿ ಗುರಿಯಿಟ್ಟು ಹೊಡೆಯುವುದಕ್ಕಿಂತ ಗುಂಪಾಗಿ ಹಾರಿಸಿ ಕುದುರೆ, ಸೈನಿಕರನ್ನು ಬೆದರಿಸುವುದರಲ್ಲೇ ಅದರ ಬಲವಿತ್ತು.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್ ಮತ್ತು ಗುಂಡಿನ ದಾಳಿಗೆ ಸಿಕ್ಕಿ ಹಿಂದೆ ಸರಿಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ಆದರೆ ರಾಕೆಟ್ ಒಂದೇ ಕೋಟೆ ಕಾಯಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ.

ಕೈವಶವಾದ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ರಾಕೆಟ್‌ಗಳನ್ನು ಸುಧಾರಿಸಿ, ಯಾವುದಕ್ಕೆ ಎಷ್ಟು ಕೋನ, ಎಷ್ಟು ದೂರ ಎಂಬ ಪಟ್ಟಿಯನ್ನೂ ಪ್ರಕಟಿಸಿದ. ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಹಳೆಯ ಕಬ್ಬಿಣದ ರಾಕೆಟ್‌ಗಳು ಸಿಕ್ಕವು.

ಹಾಗಾಗಿ ಮುಂದಿನ ಸಲ ಆ ಫಾರ್ವರ್ಡ್ ಬಂದರೆ ಇಷ್ಟು ತಿಳಿಸಿ: ರಾಕೆಟ್ ಹುಟ್ಟಿದ್ದು ಇಲ್ಲಲ್ಲ, ಗುರಿ ತಪ್ಪುತ್ತಿತ್ತು. ಆದರೆ ಕಬ್ಬಿಣದ ರಾಕೆಟ್ಟಿನ ಬಲವನ್ನು ಇಂಗ್ಲೆಂಡ್ ಕಲಿತದ್ದು ಮೈಸೂರಿನಿಂದ. ಹೆಮ್ಮೆಗೆ ಇಷ್ಟು ನಿಜ ಸಾಕು, ಸುಳ್ಳು ಸೇರಿಸಬೇಕಿಲ್ಲ.